ಹೊಂಡದ ಬಾಣಂತನ

ಮೊನ್ನೆ ಫೋನಿನಲ್ಲಿ ನೀವಿಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಕೇಳಿದಿರಿ: "ಅಜ್ಜಿ, ನೀ ಶಾಲ್ಯಾಗ ಅಷ್ಟು ಮಂದಿ ಮುಂದ ಒದರಿದ್ಯಂತ, ಖರೇ ಏನು?"

ಖರೆ. ಒದರಿದೆ. ನಿಮ್ಮ ಅವ್ವ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಯಾಕೆ ಒದರಿದೆ ಎಂಬುದನ್ನು ಫೋನಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಫೋನು ಕಿವಿಗೆ ಹಿಡಿದರೆ ನನ್ನ ಮಾತೆಲ್ಲ ‘ಹೂಂ’, ‘ಆತು’ ಎಂಬ ಎರಡರಲ್ಲೇ ಮುಗಿದುಹೋಗುತ್ತದೆ. ಅದಕ್ಕೇ ಈ ನೋಟುಬುಕ್ಕು ತೆಗೆದುಕೊಂಡು ಕುಳಿತಿದ್ದೇನೆ. ಮಾಸೂರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ. ನಿಮಗೆ ಓದಲು ಬಂದರೆ ಸಾಕು.

ಆ ದಿನ ನಾನು ದುಂಡಸಿಯ ನಮ್ಮ ಮನೆಯ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತಿದ್ದೆ. ನಿಮ್ಮ ಅವ್ವ ಹಾನಗಲ್ಲಿನಿಂದ ಸ್ಕೂಟರಿನಲ್ಲಿ ಬಂದವಳು, ಗಾಡಿಯನ್ನು ನೆಟ್ಟಗೆ ನಿಲ್ಲಿಸುವುದಕ್ಕೂ ತಾಳದೆ ಗೋಡೆಗೆ ಒರಗಿಸಿ, ಹೆಲ್ಮೆಟ್ ಹಾಕಿಕೊಂಡೇ ಕೂಗಿದಳು.

"ಅವ್ವಾ! ಅಪ್ಪನ ಹೊಂಡದ ಕೆಲಸ ನನಗ ಸಿಕ್ತು!"

ನನ್ನ ಕೈಯೊಳಗಿನ ಮೊರ ವಾಲಿ ಬೇಳೆಯೆಲ್ಲ ಕಟ್ಟೆಯಿಂದ ಕೆಳಗೆ. ಕೋಳಿಗಳಿಗೆ ಹಬ್ಬ.

ಅಪ್ಪನ ಹೊಂಡ ಎಂದರೆ ಯಾವುದು ಎಂದು ನಿಮಗೆ ಗೊತ್ತಿಲ್ಲ. ಶಿಗ್ಗಾಂವಿಯಿಂದ ಸವಣೂರಿಗೆ ಹೋಗುವ ರಸ್ತೆಯ ಮಗ್ಗುಲಿಗೆ ಹುಡುಗಿಯರ ವಸತಿ ಶಾಲೆಯೊಂದಿದೆ. ಅದರ ಹಿತ್ತಲಿನಲ್ಲಿ ಒಂದು ಈಜುಕೊಳ. ನಾವೆಲ್ಲ ಅದನ್ನು ಈಸೋ ಹೊಂಡ ಎನ್ನುತ್ತಿದ್ದೆವು. ಅದರ ಗೋಡೆಗೆ ಸಿಮೆಂಟು ಮೆತ್ತಿ ಗಿಲಾವು ಮಾಡಿ, ಮೇಲೆ ಟೈಲ್ಸ್ ಹಚ್ಚಿದವರು ನಿಮ್ಮ ಅಜ್ಜ. ಆಗಿನ್ನೂ ನಿಮ್ಮ ಅವ್ವ ಹುಟ್ಟಿರಲಿಲ್ಲ. ನಾನು ಹೊಸ ಸೊಸೆ, ಅವರ ಕೈಕೆಳಗೆ ಉಸುಕು ನೀರು ಹೊರುತ್ತಿದ್ದೆ. ಆ ಹೊಂಡ ಒಂದು ಬೇಸಿಗೆಯೂ ನೀರು ಹಿಡಿಯಲಿಲ್ಲ. ತುಂಬಿಸಿದ ನೀರು ದಿನಕ್ಕೆ ನಾಲ್ಕು ಬೆರಳಿನಂತೆ ಇಳಿದು ಹೋಯಿತು. ಗುತ್ತಿಗೆದಾರ ಬೇರೆಯವರನ್ನು ಕರೆಸಿ, ಅಲ್ಲಲ್ಲಿ ಟೈಲ್ಸ್ ಕಿತ್ತು ಮೇಲೊಂದು ಪದರು ಮೆತ್ತಿಸಿದ, ಅದೂ ನಿಲ್ಲಲಿಲ್ಲ. ಕೊನೆಗೆ ಹಾಗೇ ಬಿಟ್ಟರು. ನಿಮ್ಮ ಅಜ್ಜನಿಗೆ ಮಾತ್ರ ಹೆಸರು ಅಂಟಿಕೊಂಡಿತು: ಸೋರೋ ಹೊಂಡದ ಗೌಂಡಿ. ಆಮೇಲೆ ಎಷ್ಟೋ ಮನೆ, ಎಷ್ಟೋ ನೀರಿನ ಟಾಕಿ ಕಟ್ಟಿದರು, ಒಂದೂ ಸೋರಲಿಲ್ಲ. ಆದರೂ ಸಂತೆಯಲ್ಲಿ ಯಾರಾದರೂ ಚೇಷ್ಟೆಗೆ ಅಂದುಬಿಡುತ್ತಿದ್ದರು, ಅವರು ನಕ್ಕು ಮುಂದೆ ಹೋಗುತ್ತಿದ್ದರು. ಮನೆಗೆ ಬಂದ ಮೇಲೆ ನಗುತ್ತಿರಲಿಲ್ಲ.

ನಿಮ್ಮ ಅವ್ವ ಅವರ ಕೈಯಿಂದಲೇ ಕರಣಿ ಹಿಡಿಯುವುದನ್ನು ಕಲಿತು, ಈಗ ಟೈಲ್ಸ್ ಕೆಲಸದಲ್ಲಿ ನಾಲ್ಕೂರಿಗೆ ಬೇಕಾದವಳಾಗಿದ್ದಾಳೆ. ಶಾಲೆಯ ಮುಖ್ಯಸ್ಥೆಯಾಗಿ ಬಂದ ಹೊಸ ಹೆಡ್‌ಬಾಯಿ ಹೊಂಡ ರಿಪೇರಿ ಮಾಡಿಸಬೇಕೆಂದು ಹಟ ಹಿಡಿದರು. ಕಮಿಟಿಯವರಿಗೆ ಬೇಡವಾಗಿತ್ತು. ಅವರಾಗಲೇ ಟ್ರ್ಯಾಕ್ಟರಿನಲ್ಲಿ ಕೆಂಪು ಮಣ್ಣು ತರಿಸಿ ಗೇಟಿನ ಹತ್ತಿರ ರಾಶಿ ಹಾಕಿಸಿದ್ದರು. ಹೊಂಡ ಮುಚ್ಚಿ ಮೇಲೆ ವೇದಿಕೆ ಕಟ್ಟುವ ವಿಚಾರ. ಕಡೆಗೆ ಒಂದು ಒಪ್ಪಂದವಾಯಿತು. ರಿಪೇರಿ ಮಾಡಿ ನೀರು ತುಂಬಿಸುವುದು. ಎಂಟು ದಿನ ನೀರು ನಿಂತರೆ ಹೊಂಡ ಉಳಿಯಿತು, ಸೋರಿದರೆ ಆ ಮಣ್ಣು ಅದರೊಳಗೆ.

"ಮಣ್ಣು ಬಿತ್ತಂದ್ರ ಅಪ್ಪನ ಹೆಸರೂ ಅದರಾಗ ಹೂತ ಹೋಕ್ಕೈತಿ ಅವ್ವಾ," ಎಂದಳು ನಿಮ್ಮ ಅವ್ವ. "ನೀನೂ ಬಾ. ಟೈಲ್ಸ್ ಬಡದು ಸಪ್ಪಳ ಕೇಳಾಕ ನಿನ್ನಂಗ ಯಾರಿಗೂ ಬರೂದಿಲ್ಲ."

ನಾನು ಬರುವುದಿಲ್ಲ ಎಂದೆ. ಅಲ್ಲಿ ಹೆಡ್‌ಬಾಯಿ, ಕಮಿಟಿಯವರು, ಅಷ್ಟೊಂದು ಹುಡುಗಿಯರು. ಮರುದಿನ ಬೆಳಿಗ್ಗೆ ಮಾತ್ರ ಅವಳಿಗಿಂತ ಮೊದಲು ಎದ್ದು, ರೊಟ್ಟಿ ಕಟ್ಟಿಕೊಂಡು, ಬಾಗಿಲಲ್ಲಿ ನಿಂತಿದ್ದೆ.

ಹೋಗಿ ಹೊಂಡ ನೋಡಿದೆ. ತಳದಲ್ಲಿ ಬೇವಿನೆಲೆಯ ಮೆತ್ತೆ, ಟೈಲ್ಸಿನ ಸಂದಿಯಲ್ಲಿ ಮೊಳಕಾಲುದ್ದದ ಅರಳಿ ಗಿಡ, ಒಂದು ಹರಿದ ಚೆಂಡು, ಯಾರದೋ ಒಂಟಿ ಚಪ್ಪಲಿ. ಮೂರು ದಿನ ಬರೇ ಕಸ ಹೊತ್ತೆವು. ನಿಮ್ಮ ಅವ್ವನ ಜೊತೆ ಸವಣೂರಿನ ಒಬ್ಬ ಮುದುಕ ಮೇಸ್ತ್ರಿ ಬಂದಿದ್ದ. ಬೇರೆ ಕೆಲಸಗಳಲ್ಲಿ ನಿಮ್ಮ ಅಜ್ಜನ ಜೊತೆ ದುಡಿದವನು. ನಿಮ್ಮ ಅವ್ವ ಅವನಿಗೆ ಚಾಚಾ ಎನ್ನುತ್ತಾಳೆ, ಅವನು ನನಗೆ ಭಾಭಿ ಎನ್ನುತ್ತಾನೆ. ಬಾಯಲ್ಲಿ ಯಾವಾಗಲೂ ಎಲೆ ಅಡಿಕೆ, ಆದರೆ ಹೊಂಡದೊಳಗೆ ಒಂದು ಸಲವೂ ಉಗುಳಲಿಲ್ಲ. ಉಗುಳಬೇಕೆಂದರೆ ಏಣಿ ಹತ್ತಿ ಬೇವಿನ ಗಿಡದ ಆಚೆಗೆ ಹೋಗಿ ಬರುತ್ತಿದ್ದ.

ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು, ಹುಣಸಿ ಕಟ್ಟಿಗೆಯ ತುಂಡು ಹಿಡಿದು, ಒಂದೊಂದೇ ಟೈಲ್ಸ್ ಬಡಿಯುತ್ತ ಹೊರಟೆ. ಗಟ್ಟಿ ಇದ್ದದ್ದು ‘ಠಣ್’ ಅನ್ನುತ್ತದೆ, ಹಿಂದೆ ಪೊಳ್ಳಾಗಿದ್ದರೆ ‘ಡಬ್’. ಡಬ್ ಎಂದ ಕಡೆ ಸೀಮೆಸುಣ್ಣದಿಂದ ಗೀಟು. ಮೇಲೆ ದಂಡೆಯ ಮೇಲೆ ಹುಡುಗಿಯರು ಸಾಲಾಗಿ ಕುಳಿತು, ಸ್ವಲ್ಪ ಹೊತ್ತಿಗೇ ನನಗಿಂತ ಮೊದಲು ಒದರತೊಡಗಿದರು.

"ಡಬ್, ಅಜ್ಜಿ! ಅದು ಡಬ್!"

"ಅಲ್ಲಲೇ, ಠಣ್ ಅದು. ನಿನ್ನ ಕಿವಿ ಡಬ್!"

ನಾಚಿಕೆಯಿಂದ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ನನಗೇ ಗೊತ್ತಿಲ್ಲದೆ ಸೆರಗು ಹೆಗಲಿಗೆ ಇಳಿದಿತ್ತು.

ಗೀಟು ಹಾಕಿದ್ದು ಬಹಳವೇನೂ ಇರಲಿಲ್ಲ. ಮೇಲಿನ ದಂಡೆಯ ಎರಡು ಸಾಲು, ಮೆಟ್ಟಿಲ ಮೂಲೆ, ಅಷ್ಟೆ. ಹಿಂದೆ ಗುತ್ತಿಗೆದಾರ ಮೆತ್ತಿಸಿದ್ದ ಪದರನ್ನು ಚಾಚಾ ಉಳಿಯಿಂದ ಎಬ್ಬಿಸಿದ. ಅದು ಹಪ್ಪಳದಂತೆ ಎದ್ದು ಬಂತು. ಒಳಗೆ ನಿಮ್ಮ ಅಜ್ಜನ ಗಿಲಾವು. ಅದಕ್ಕೆ ಉಳಿ ಇಟ್ಟು ಹೊಡೆದರೆ ಕಿಡಿ ಹಾರಿತು.

"ಭಾಭಿ, ನಿಮ್ಮ ಯಜಮಾನ್ರು ಇಲ್ಲೆ ಗಿಲಾವು ಮಾಡ್ಯಾರೋ, ಕಿಲ್ಲೇ ಕಟ್ಯಾರೋ?" ಎಂದ ಚಾಚಾ. "ಇದು ಸೋರೂದಿಲ್ಲ. ನನ್ನ ಮಾತು ಬರದ ಇಡ್ರಿ, ಇದು ಸೋರೂದಿಲ್ಲ."

"ಹಂಗಾರ ನೀರು ಎಲ್ಲಿ ಹೋತು ಚಾಚಾ? ಹಾರಿ ಹೋತೇನು?" ಎಂದಳು ನಿಮ್ಮ ಅವ್ವ.

ಆಗ ನನ್ನ ಕಣ್ಣಿಗೆ ಆ ಗೆರೆ ಬಿತ್ತು. ಆಳದ ಕಡೆಯ ಮೂರೂ ಗೋಡೆಗಳ ಮೇಲೆ, ಮೊಳಕಾಲಿನ ಎತ್ತರಕ್ಕೆ, ನೂಲು ಹಿಡಿದಂತೆ ನೆಟ್ಟಗೆ ಒಂದು ಕರಿ ಗೆರೆ. ಕೆಳಗೆ ಪಾಚಿ, ಮೇಲೆ ಬರೀ ದೂಳು. ಮಾಸೂರಿನಲ್ಲಿ ನಮ್ಮ ಮನೆ ಮದಗದ ಕೆರೆಗೆ ಹತ್ತಿರವಿತ್ತು. ಬೇಸಿಗೆಯಲ್ಲಿ ಕೆರೆಯ ಕಲ್ಲುಗಳ ಮೇಲೆ ಇಂಥದೇ ಗೆರೆ ಕಾಣುತ್ತಿತ್ತು. ನಮ್ಮಪ್ಪ ಅದನ್ನು ತೋರಿಸಿ, ನೀರು ತೂಬಿನ ಬಾಯಿಯ ಮಟ್ಟಕ್ಕೆ ಬಂದರೆ ಮುಂದೆ ಇಳಿಯುವುದಿಲ್ಲ, ಗೆರೆ ಹಿಡಿದು ಹೋದರೆ ತೂಬು ಸಿಗುತ್ತದೆ ಎನ್ನುತ್ತಿದ್ದ. ಈ ಹೊಂಡದಲ್ಲಿಯೂ ಪ್ರತಿ ವರ್ಷ ಮಳೆಯ ನೀರು ತುಂಬಿ, ಇಳಿದು, ಇದೇ ಗೆರೆಗೆ ಬಂದು ನಿಂತಿದೆ. ಹಾಗಾದರೆ ಸೋರುವ ಬಾಯಿ ಈ ಗೆರೆಯ ಮೇಲೇ ಎಲ್ಲೋ ಇರಬೇಕು!

ಗೆರೆಯ ಮೇಲೆ ಬೆರಳು ಇಟ್ಟುಕೊಂಡು ನಡೆದೆ. ಒಂದು ಗೋಡೆ ದಾಟಿದೆ, ಮೂಲೆ ತಿರುಗಿದೆ. ಎರಡನೆಯ ಗೋಡೆಯ ನಡುವೆ ಬೆರಳು ಹೋಗಿ ಕಬ್ಬಿಣಕ್ಕೆ ತಾಗಿತು. ಅದು ನೀರು ಒಳಗೆ ಬರುವ ಪೈಪಿನ ಬಾಯಿ.

ಬೆರಳು ಅಲ್ಲೇ ನಿಂತಿತು.

"ಏನವ್ವಾ? ಏನಾತು?" ಎಂದು ನಿಮ್ಮ ಅವ್ವ ಓಡಿ ಬಂದಳು. ಗೆರೆ ನೋಡಿದಳು, ಪೈಪು ನೋಡಿದಳು. "ಚಾಚಾ! ಬರ್ರಿ ಇಲ್ಲೆ! ತೂಬು ಸಿಕ್ತು!"

ಖಾತ್ರಿ ಮಾಡಿಕೊಳ್ಳಬೇಕಲ್ಲ. ಪೈಪಿನ ಬಾಯಿಗೆ ಅರಿವೆ ಗಿಡಿದು, ಬೋರಿನ ನೀರನ್ನು ಮೇಲಿನಿಂದ ರಬ್ಬರ್ ಕೊಳವೆಯಲ್ಲಿ, ಗೆರೆಗಿಂತ ಒಂದು ಗೇಣು ಮೇಲೆ ಬರುವಷ್ಟು ಬಿಟ್ಟೆವು. ಹುಡುಗಿಯರು ರಂಗಪಂಚಮಿಯಲ್ಲಿ ಉಳಿದ ಗುಲಾಬಿ ಬಣ್ಣದ ಪುಡಿ ತಂದುಕೊಟ್ಟರು. ನಿಮ್ಮ ಅವ್ವ ಅದನ್ನು ಲೋಟದಲ್ಲಿ ಕಲಸಿಕೊಂಡು ತೊಡೆಮಟ್ಟ ನೀರಿಗೆ ಇಳಿದಳು, ಹಿಂದೆಯೇ ನಾನೂ ಇಳಿದೆ. ಪೈಪಿನ ಹತ್ತಿರ ಒಂದು ಚಮಚ ಬಣ್ಣ ಬಿಟ್ಟಳು. ಬಣ್ಣ ನೀರಿನಲ್ಲಿ ಹರಡಬೇಕಿತ್ತು, ಹರಡಲಿಲ್ಲ. ದಾರ ಸೂಜಿಗಣ್ಣಿಗೆ ಹೋದಂತೆ, ತೆಳ್ಳಗೆ, ನೆಟ್ಟಗೆ, ಪೈಪಿನ ಮಗ್ಗುಲಿಗೆ ಗೋಡೆಯೊಳಗೆ ಹೋಯಿತು!

ಮೇಲೆ ಹುಡುಗಿಯರ ಕೂಗು, ಚಾಚಾನ ಚಪ್ಪಾಳೆ. ನಿಮ್ಮ ಅವ್ವ ನೀರಿನಲ್ಲಿ ನಿಂತೇ ನನ್ನನ್ನು ಅಪ್ಪಿಕೊಂಡಳು. ಅವಳ ಗುಲಾಬಿ ಕೈಗಳ ಗುರುತು ನನ್ನ ಬಿಳಿ ಕುಬಸದ ಮೇಲೆ ಇವತ್ತಿಗೂ ಇದೆ. ನಾನು ಅಳುತ್ತಿದ್ದೆ. ಸಂತೋಷಕ್ಕೆ ಎಂದುಕೊಂಡಳು. ಅರ್ಧ ಅದೂ ಖರೆಯೇ. ಇನ್ನರ್ಧವನ್ನು ಆ ಸಂಜೆ ನೀರು ಹೊರಹಾಕುವಾಗ ಅವಳಿಗೆ ಹೇಳಿದೆ.

ಗಿಲಾವು ಮಾಡಿದ ಮೇಲೆ ಅದನ್ನು ದಿನಗಟ್ಟಲೆ ಹಸಿಯಾಗಿ ಇಡಬೇಕು, ನೀರು ಕುಡಿಸಬೇಕು, ಅಲುಗಿಸಬಾರದು. ಇದಕ್ಕೆ ನಿಮ್ಮ ಅಜ್ಜ ಬಾಣಂತನ ಎನ್ನುತ್ತಿದ್ದರು. ಆಗ ಈ ಹೊಂಡದ ಬಾಣಂತನ ನಾಲ್ಕೇ ದಿನ ಆಗಿತ್ತು. ಅಷ್ಟರಲ್ಲಿ ನೀರು ಬಿಡುವ ಮುಹೂರ್ತ ಬಂತು. ಇನ್ನೊಂದು ವಾರ ತಡೀರಿ ಎಂದು ನಿಮ್ಮ ಅಜ್ಜ ಕೈಮುಗಿದರು, ಗುತ್ತಿಗೆದಾರ ಕೇಳಲಿಲ್ಲ. ಊರ ಹಿರಿಯರೊಬ್ಬರು ಏಣಿ ಇಳಿದು ಬಂದರು. ಗಂಗವ್ವ ಬರುವುದು ಈ ಪೈಪಿನ ಬಾಯಿಯಿಂದಲ್ಲವೇ, ಆದ್ದರಿಂದ ಅದಕ್ಕೇ ಹಾರ ಹಾಕಿ, ಕುಂಕುಮ ಹಚ್ಚಿ, ಅದರ ಮೇಲೇ ಕಾಯಿ ಒಡೆದರು. ಗಟ್ಟಿ ಕಾಯಿ. ಒಂದು ಏಟಿಗೆ ಒಡೆಯಲಿಲ್ಲ, ಎರಡಕ್ಕೆ ಒಡೆಯಲಿಲ್ಲ. ಮೂರನೆಯ ಏಟಿಗೆ ಒಡೆಯಿತು. ಹಸಿ ಗೋಡೆಯಲ್ಲಿ ಕಬ್ಬಿಣದ ಪೈಪು ಮೂರು ಸಲ ಕುಲುಕಿತು. ಹತ್ತಿರ ನಿಂತವಳು ನಾನು. ಪೈಪಿನ ಸುತ್ತ ಕೂದಲಿನಂಥ ಬಿರುಕು ಎದ್ದದ್ದನ್ನು ನಾನು ಕಣ್ಣಾರೆ ಕಂಡೆ.

ಮಂಗಳದ ಹೊತ್ತಿನಲ್ಲಿ ಬಿರಿಯಿತು, ಒಡೆಯಿತು ಅನ್ನಬಾರದು. ಅದರ ಮೇಲೆ ನಾನು ಹೊಸ ಸೊಸೆ, ಎದುರಿಗೆ ಅಷ್ಟೊಂದು ಗಂಡಸರು. ಸಂಜೆ ಇವರಿಗೆ ಹೇಳೋಣವೆಂದುಕೊಂಡೆ. ಸಂಜೆ ಇವರು ಶಾಲೆಯವರು ಹೊದಿಸಿದ ಶಾಲನ್ನು ಹೊದ್ದುಕೊಂಡೇ ಊಟಕ್ಕೆ ಕುಳಿತಿದ್ದರು. ಅಷ್ಟು ಖುಷಿಯಲ್ಲಿದ್ದವರಿಗೆ ಹೇಗೆ ಹೇಳಲಿ? ನಾಳೆ ಎಂದೆ. ಆಮೇಲೆ ನೀರು ಸೋರಿತು, ಬೈಗಳು ಶುರುವಾದವು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದು ಎಂದು ಹೆದರಿದೆ. ಆ ಹೆದರಿಕೆ ಅವರು ಹೋಗುವವರೆಗೂ ಹೋಗಲಿಲ್ಲ.

ನಿಮ್ಮ ಅವ್ವ ಎಲ್ಲ ಕೇಳಿದಳು. ಪಂಪು ಬಂದ್ ಮಾಡಿದಳು. ಎರಡು ದಿನ ನನ್ನೊಂದಿಗೆ ಬರೇ ಉಸುಕು, ಸಿಮೆಂಟು, ಬಕೀಟು, ಇಷ್ಟೇ ಮಾತು.

ಮೂರನೆಯ ದಿನ ಟೈಲ್ಸಿಗಾಗಿ ಹಿರೇಕೆರೂರಿಗೆ ಹೋದೆವು. ನಿಮ್ಮ ಅಜ್ಜ ಹಚ್ಚಿದ ಹಸಿರು ನೀಲಿ ಬಣ್ಣ ಈಗ ಎಲ್ಲಿಯೂ ಬರುವುದಿಲ್ಲ. ಚಾಚಾನ ಪರಿಚಯದ ಅಂಗಡಿಯವರೊಬ್ಬರ ಉಗ್ರಾಣದಲ್ಲಿ, ಮೆಕ್ಕೆಜೋಳದ ಚೀಲಗಳ ಹಿಂದೆ, ಹಳೆಯ ಎರಡು ಪೆಟ್ಟಿಗೆ ಸಿಕ್ಕವು. ಅದೇ ಬಣ್ಣ! ಅಂಗಡಿಯವರ ಎದುರಿಗೇ ನಾನು ಕೈ ತಟ್ಟಿಬಿಟ್ಟೆ. ಹಾವೇರಿಯ ಬಸ್ಸಿನಲ್ಲಿ ಆಳಿಗೊಂದು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆವು.

ಕಂಡಕ್ಟರ್ ಬಂದು ಹುಬ್ಬು ಹಾರಿಸಿದ. "ಅಜ್ಜಿ, ಕೂಸನ್ನ ಕೆಳಗ ಇಳಸ್ರಿ, ತೊಡಿ ನೋಯ್ತಾವು."

"ಬ್ಯಾಡಪಾ. ಎಳೇದೈತಿ, ಒಡದೀತು," ಎಂದೆ.

ಬಸ್ಸಿನವರೆಲ್ಲ ನಕ್ಕರು. ನಿಮ್ಮ ಅವ್ವನೂ ನಕ್ಕಳು. ನಕ್ಕು, ಕಿಟಕಿಯ ಕಡೆ ಮುಖ ಮಾಡಿ ಕೇಳಿದಳು: "ಅವತ್ತ ಅಪ್ಪಗ ಹೇಳಿದ್ರ ಏನ್ ಮಾಡ್ತಿದ್ದ?"

"ಸಿಟ್ಟ ಮಾಡ್ತಿದ್ದಿಲ್ಲ. ಮರುದಿನ ಹೋಗಿ ಸರಿ ಮಾಡ್ತಿದ್ರು."

"ಒಂದ ದಿನದ ಕೆಲಸ."

"ಹೂಂ. ಒಂದ ದಿನದ್ದು."

ಹಾವೇರಿಯಲ್ಲಿ ಇಳಿಯುವಾಗ ನನ್ನ ತೊಡೆಯ ಮೇಲಿನ ಪೆಟ್ಟಿಗೆಯನ್ನೂ ತಾನೇ ಎತ್ತಿಕೊಂಡಳು.

ಆಮೇಲಿನ ದಿನಗಳು ಹೇಗೆ ಹೋದವೋ! ಪೈಪಿನ ಸುತ್ತ ಅಂಗೈ ಅಗಲ ಬಿಡಿಸಿ, ಸಡಿಲಾದದ್ದನ್ನೆಲ್ಲ ಕೆತ್ತಿ, ತೊಳೆದು, ಗಟ್ಟಿ ಗಾರೆ ತುಂಬಿ, ನಿಮ್ಮ ಅವ್ವ ಮೂರು ಪದರು ಗಿಲಾವು ಮಾಡಿದಳು. ಕರಣಿ ತಿರುಗಿಸುವ ಕೈ ಥೇಟ್ ಅವರಪ್ಪನದು. ಪೊಳ್ಳು ಟೈಲ್ಸ್ ತೆಗೆದ ಕಡೆಯೆಲ್ಲ ಹಿರೇಕೆರೂರಿನ ಟೈಲ್ಸ್ ಕೂತವು. ಬಾಣಂತನ ನನ್ನ ಪಾಲಿಗೆ ಬಂತು. ಗೋಣಿತಟ್ಟು ಹೊದಿಸುವುದು, ಮುಂಜಾನೆ, ಮಧ್ಯಾಹ್ನ, ಸಂಜೆ ನೀರು ಹಾಕುವುದು, ಯಾರೂ ಮುಟ್ಟದಂತೆ ಕಾಯುವುದು.

ಒಂದು ದಿನ ಹೆಡ್‌ಬಾಯಿ ಬಂದು, "ಅಜ್ಜಿ ಎಲ್ಲಿ?" ಎಂದು ಕೇಳಿದರಂತೆ.

"ಬಾಣಂತನ ಮಾಡಾಕತ್ತಾಳ್ರಿ," ಎಂದಿದ್ದಾಳೆ ಒಬ್ಬ ಹುಡುಗಿ.

ಅವರು ಗಾಬರಿಯಿಂದ ಹೊಂಡದ ದಂಡೆಗೆ ಓಡಿ ಬಂದರು. "ಯಾರದು? ಯಾರದ್ರಿ ಬಾಣಂತನ, ನಮ್ಮ ಹಾಸ್ಟೆಲ್‌ನ್ಯಾಗ?"

ಚಾಚಾ ಪೈಪಿನ ಕಡೆ ಬೆರಳು ತೋರಿಸಿದ. "ತಾಯಿ ಮಗು ಇಬ್ರೂ ಆರಾಮ ಅದಾರ್ರೀ ಮೇಡಮ್."

ಆ ಹುಡುಗಿಯರಿಗೆ ಒಂದು ವಾರ ನಗಲು ಅದೇ ಸಾಕಾಯಿತು.

ನೀರು ಬಿಡುವ ದಿನ ಬಂತು. ಕಮಿಟಿಯವರು, ಮಾಸ್ತರರು, ಹುಡುಗಿಯರು, ಎಲ್ಲರೂ ದಂಡೆಯ ಮೇಲೆ. ಕಮಿಟಿಯ ಹಿರಿಯರು ಬಿಳಿ ಧೋತರ ಎತ್ತಿ ಕಟ್ಟಿಕೊಂಡು ಹೊಂಡಕ್ಕೆ ಇಳಿದರು. ಕೆಳಗೆ ಮೂಲೆಯಲ್ಲಿ ನಾನು ಗೋಣಿತಟ್ಟು ಮಡಚುತ್ತಿದ್ದೆ. ಪೈಪಿಗೆ ಹಾರ ಬಿತ್ತು, ಕುಂಕುಮ ಬಿತ್ತು, ಊದಿನಕಡ್ಡಿ ಹತ್ತಿತು. ಅವರು ಬಲಗೈಯಲ್ಲಿ ಕಾಯಿ ಎತ್ತಿದರು. ನಿಮ್ಮ ಅವ್ವ ಮೇಲೆ ಬೋರಿನ ಸ್ವಿಚ್ಚಿನ ಹತ್ತಿರ ಇದ್ದಳು, ಅವಳಿಗೆ ಕಾಣಿಸುತ್ತಿರಲಿಲ್ಲ. ಚಾಚಾ ಎಲೆ ಉಗುಳಲು ಹೋಗಿದ್ದ. ನೋಡುತ್ತಿದ್ದವಳು ಮತ್ತೆ ನಾನೊಬ್ಬಳೇ.

"ಒಡೀಬ್ಯಾಡ್ರೀ!"

ಖಾಲಿ ಹೊಂಡ. ನನ್ನ ದನಿ ನಾಲ್ಕೂ ಗೋಡೆಗೆ ಬಡಿದು ತಿರುಗಿ ನನ್ನ ಮೇಲೇ ಬಿತ್ತು. ಅಷ್ಟು ದೊಡ್ಡ ದನಿ ನನ್ನೊಳಗೆ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಹಿರಿಯರ ಕೈ ಮೇಲೆಯೇ ನಿಂತಿತು. "ಯಾಕವ್ವ? ಗಂಗವ್ವಗ ಕಾಯಿ ಬ್ಯಾಡೇನು?"

"ಗಂಗವ್ವಗ ಬೇಕ್ರಿ. ಪೈಪಿಗೆ ಬ್ಯಾಡ್ರಿ. ಹಿಂದಕ್ಕ ಇಲ್ಲೇ, ಇದರ ಮ್ಯಾಲೇ ಒಡದ್ರು. ಮೂರು ಏಟು. ಅದಕ್ಕ ಬಿರೀತು. ನಾ ನೋಡೇನಿ. ಅವತ್ತ ಹೇಳಲಿಲ್ಲರಿ, ತಪ್ಪು ನಂದು. ಗೌಂಡಿ ತಪ್ಪಲ್ಲ. ಗೌಂಡಿ ಕೆಲಸ ಕಲ್ಲಿದ್ದಂಗೈತಿ, ಬೇಕಾರ ಉಳಿ ಹಚ್ಚಿ ನೋಡ್ರಿ."

ಮೇಲಿಂದ ಯಾರೋ "ಮುದುಕಿ ಅಪಶಕುನ ಆಡ್ತಾಳ ನೋಡು" ಎಂದರು. ಹಿರಿಯರು ಪೈಪನ್ನೂ ನನ್ನನ್ನೂ ಕಾಯಿಯನ್ನೂ ಒಂದೊಂದು ಸಲ ನೋಡಿದರು.

"ಹಂಗಾದ್ರ ಎಲ್ಲಿ ಒಡೀಲಿ? ನಿನ್ನ ತಲಿ ಮ್ಯಾಲೇನು?"

"ನನ್ನ ತಲಿ ಆದ್ರೂ ನಡೀತೈತ್ರಿ. ಗಿಲಾವಿನ ಮ್ಯಾಲೆ ಬ್ಯಾಡ."

ಮೊದಲು ಹುಡುಗಿಯರು ಕಿಸಕ್ಕೆಂದರು, ಆಮೇಲೆ ಹೆಡ್‌ಬಾಯಿ, ಕಡೆಗೆ ಹಿರಿಯರೇ ಹೊಟ್ಟೆ ಕುಣಿಸಿ ನಕ್ಕರು. ಏಣಿ ಹತ್ತಿ, ಬೇವಿನ ಗಿಡದ ಕೆಳಗಿನ ಬಟ್ಟೆ ಒಗೆಯುವ ಕಲ್ಲಿಗೆ ಕಾಯಿ ಹೊಡೆದರು. ಅದೂ ಮೂರು ಏಟಿಗೇ ಒಡೆಯಿತು. ಮೂರೂ ಏಟನ್ನು ಆ ಕಲ್ಲು ತಿಂದಿತು. ಕಾಯಿಯ ನೀರನ್ನು ಲೋಟದಲ್ಲಿ ತಂದು ಹೊಂಡಕ್ಕೆ ಹಾಕಿದರು.

ನಿಮ್ಮ ಅವ್ವ ನನ್ನ ಕೂಗಿಗೆ ದಂಡೆಗೆ ಓಡಿ ಬಂದು, ಮೇಲಿನಿಂದ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಹೋಗಿ ಬೋರಿನ ಗುಂಡಿ ಒತ್ತಿದಳು.

ಎಂಟು ದಿನ ನಮಗೆ ಅನ್ನ ಸೇರಲಿಲ್ಲ. ಮೆಟ್ಟಿಲ ಮೇಲೆ ಒಂದು ಬಕೀಟು ಇಟ್ಟು, ಒಳಗೂ ಹೊಂಡದಷ್ಟೇ ಮಟ್ಟಕ್ಕೆ ನೀರು ತುಂಬಿ, ಬಕೀಟಿನ ಒಳಗೊಂದು ಹೊರಗೊಂದು ಗೆರೆ ಎಳೆದಿದ್ದೆವು. ಬಿಸಿಲಿಗೆ ಎರಡೂ ಇಳಿಯುತ್ತವೆ. ಹೊರಗಿನದು ಹೆಚ್ಚು ಇಳಿದರೆ ಸೋರಿದಂತೆ. ಮೂರನೆಯ ದಿನ ಹುಡುಗಿಯೊಬ್ಬಳು "ಇಳದೈತಿ!" ಎಂದು ಕಿರುಚಿದಳು. ನಾನೂ ನಿಮ್ಮ ಅವ್ವನೂ ಬಿದ್ದು ಎದ್ದು ಓಡಿದೆವು. ಹೊರಗೆ ಒಂದು ಬೆರಳು ಇಳಿದಿತ್ತು. ಒಳಗೆ ನೋಡಿದರೆ ಅಲ್ಲಿಯೂ ಒಂದು ಬೆರಳು. "ಸೂರ್ಯಪ್ಪ ಕುಡದಾನ್ರೇ, ಗ್ವಾಡಿ ಅಲ್ಲ!" ಎಂದು ಚಾಚಾ ದಂಡೆಯ ಮೇಲೆ ಕುಣಿದ.

ಎಂಟನೆಯ ದಿನ ಬೆಳಿಗ್ಗೆ ಹಿರಿಯರೇ ಬಂದು, ಧೋತರ ಎತ್ತಿಕೊಂಡು ಮೆಟ್ಟಿಲಿಳಿದು, ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಒಳಗೆ ನೋಡಿದರು, ಹೊರಗೆ ನೋಡಿದರು. ಬೆರಳಿನಿಂದ ಅಳೆದರು.

"ಸಮ," ಎಂದರು. ಆಮೇಲೆ ನಿಮ್ಮ ಅವ್ವನ ಕಡೆ ತಿರುಗಿ, "ನಿಮ್ಮಪ್ಪ ಚಲೋ ಗೌಂಡಿ ಇದ್ದ, ತಂಗಿ," ಎಂದರು.

ಅಷ್ಟೇ. ಗೇಟಿನ ಹತ್ತಿರದ ಕೆಂಪು ಮಣ್ಣಿನಲ್ಲಿ ಈಗ ಹುಡುಗಿಯರು ಮೆಂತ್ಯ, ಕೊತ್ತಂಬರಿ ಬಿತ್ತಿದ್ದಾರೆ.

ಮೊದಲ ದಿನ ಹುಡುಗಿಯರು ಹೊಂಡಕ್ಕೆ ಹಾರಿದಾಗ ನೀರೆಲ್ಲ ದಂಡೆಯ ಮೇಲೆ ಬಂದು ನನ್ನ ಸೀರೆ ತೊಯ್ಸಿತು. "ಅವ್ವಾ, ನೀನೂ ಇಳಿ," ಎಂದಳು ನಿಮ್ಮ ಅವ್ವ. ಮದಗದ ಕೆರೆಯ ಮಗ್ಗುಲಿಗೆ ಹುಟ್ಟಿ ಬೆಳೆದರೂ ನನಗೆ ಈಸು ಬರುವುದಿಲ್ಲ. ಅದಕ್ಕೇ ಪೈಪಿನ ಮೇಲಿನ ದಂಡೆಗೆ ಹೋಗಿ ಕುಳಿತು, ಮೊಳಕಾಲವರೆಗೆ ಕಾಲು ಇಳಿಬಿಟ್ಟೆ. ಬೋರು ಚಾಲೂ ಇತ್ತು. ಕೆಳಗಿನಿಂದ ತಣ್ಣನೆಯ ನೀರು ಎದ್ದು ಬಂದು ನನ್ನ ಅಂಗಾಲನ್ನು ಮೆಲ್ಲಗೆ ನೂಕುತ್ತಿತ್ತು. ಬಹಳ ಹೊತ್ತು ಹಾಗೇ ಕುಳಿತೆ. ಏಳು ಎಂದು ಯಾರೂ ಹೇಳಲಿಲ್ಲ.